ಮೊದಲು ಫೋನ್ ಮಾಡಬೇಕಾದವರು

ಸಾವಿನ ಮನೆಗೆ ಅಡುಗೆ ಒಯ್ಯುವುದರಲ್ಲಿ ನಮ್ಮೂರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸುದ್ದಿ ಕಿವಿಗೆ ಬಿದ್ದ ಎರಡು ಗಂಟೆಯೊಳಗೆ ನನ್ನ ಕುರಿಮಾಂಸ, ಬಾರ್ಲಿಯ ಪಾತ್ರೆ ಅವರ ಜಗಲಿಯ ಮೇಲಿರುತ್ತದೆ. ತಳದಲ್ಲಿ ಒಂದು ಕಾಗದದ ಪಟ್ಟಿ ಅಂಟಿಸಿ 'ನೋಲೀನ್ ಪಾಸ್ಕೋ' ಎಂದು ಬರೆದಿರುತ್ತೇನೆ. ಪಾತ್ರೆ ವಾಪಸು ಬರಬೇಕಲ್ಲ! ಮೇ ತಿಂಗಳ ಆ ಶನಿವಾರವೂ ಟ್ರೆಲೋರ್ ಮನೆಯ ಜಗಲಿಗೆ ಮೊದಲು ತಲುಪಿದ್ದು ನನ್ನ ಪಾತ್ರೆಯೇ.

ಬೆಳಗ್ಗೆ ಬೇಕರಿಯ ಡೆಬ್ ಫೋನ್ ಮಾಡಿದ್ದಳು. ಶನಿವಾರ ಊರಿನ ವೃದ್ಧಾಶ್ರಮಕ್ಕೆ, ಅಂದರೆ ಹಿರಿಯರ ಮನೆಗೆ, ಬ್ರೆಡ್ ಹಾಕಿ ಬರುವವಳು ಅವಳೇ.

"ಕ್ಲೆಮ್ ಹೋಗ್ಬಿಟ್ರು ಕಣೆ. ಏಳನೇ ರೂಮಿನ ಮುಂದೆ ಮೇಣದಬತ್ತಿ ಹಚ್ಚಿಟ್ಟಿದಾರೆ."

ಅಲ್ಲಿ ಯಾರಾದರೂ ತೀರಿಕೊಂಡರೆ ಅವರ ಕೋಣೆಯ ಮುಂದೆ ಒಂದು ಹಗಲು ಮೇಣದಬತ್ತಿ ಉರಿಯುತ್ತದೆ. ಏಳನೇ ಕೋಣೆ ಎರಡು ವರ್ಷದಿಂದ ಕ್ಲೆಮ್ ಟ್ರೆಲೋರ್ ಅವರದು ಎಂಬುದು ನಮ್ಮೂರು ಕೊರಾಂಗಿಯ ನಾಯಿಗಳಿಗೂ ಗೊತ್ತು. ಎಂಬತ್ತೇಳು ವರ್ಷದ ಜೀವ. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಮುನ್ನೂರಕ್ಕೂ ಹೆಚ್ಚು ಪಂದ್ಯ ಆಡಿದವರು, ಆಮೇಲೆ ಮೂವತ್ತು ವರ್ಷ ಮೈದಾನದ ಸ್ಕೋರ್ ಬೋರ್ಡಿನ ಏಣಿ ಹತ್ತಿ ಇಳಿದವರು, ಶಾಲೆಯ ಮುರಿದ ಬೆಂಚುಗಳನ್ನೆಲ್ಲ ರಿಪೇರಿ ಮಾಡಿಕೊಟ್ಟವರು. ನಾನು ಶಾಲಾ ಬಸ್ ಓಡಿಸುವವಳು. ಪ್ರತಿ ಬುಧವಾರ ಚಿಕ್ಕ ಮಕ್ಕಳನ್ನು ಹಿರಿಯರ ಮನೆಗೆ ಕರೆದೊಯ್ಯುತ್ತೇನೆ, ಮಕ್ಕಳು ಅಲ್ಲಿಯ ದೊಡ್ಡ ಕೋಣೆಯಲ್ಲಿ ಅಜ್ಜ ಅಜ್ಜಿಯರಿಗೆ ಪುಸ್ತಕ ಓದಿ ಹೇಳುತ್ತವೆ. ಮೂರು ದಿನದ ಹಿಂದಷ್ಟೇ ಕ್ಲೆಮ್ ಒಬ್ಬಳು ಪುಟ್ಟಿ ಓದಿದ ಮೊಲದ ಕಥೆ ಕೇಳಿ, "ನಿನ್ನ ಮೊಲ ಭಾರಿ ದಡ್ಡ ಬಿಡು" ಎಂದು ನಕ್ಕಿದ್ದರು. ಆ ನಗುವನ್ನು ನೆನೆಸಿಕೊಂಡು ಈರುಳ್ಳಿ ಹೆಚ್ಚಿದೆ. ಕಣ್ಣೀರು ಈರುಳ್ಳಿಯದೊಂದೇ ಆಗಿರಲಿಲ್ಲ.

ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಮಗ ರಾಸ್ ಬಿತ್ತನೆಯಲ್ಲಿದ್ದ. ಸೊಸೆ ಜನೆಲ್ ನಮ್ಮ ಕ್ಲಬ್ಬಿನ ಅಧ್ಯಕ್ಷೆ, ದೂರದ ಪಟ್ಟಣದಲ್ಲಿ ಲೀಗಿನ ಸಭೆಗೆ ಹೋಗಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನಾನು, ಪಾಪ, ಸುದ್ದಿ ಗೊತ್ತಾಗಿ ಆಸ್ಪತ್ರೆ, ಪಾದ್ರಿ ಅಂತ ಓಡಾಡುತ್ತಿರಬೇಕು ಎಂದುಕೊಂಡು ಪಾತ್ರೆ ಇಟ್ಟು ಮೈದಾನಕ್ಕೆ ಹೋದೆ.

ಅಲ್ಲಿ ಮೊಮ್ಮಗಳು ಟೆಗನ್ ನೆಟ್‌ಬಾಲ್ ಆಡುತ್ತಿದ್ದಳು! ಹನ್ನೆರಡನೇ ತರಗತಿಯ ಹುಡುಗಿ. ಎಂಥ ಗಟ್ಟಿ ಎದೆ ಅಂತ ನಾವೆಲ್ಲ ಮಾತಾಡಿಕೊಂಡೆವು. ಪಂದ್ಯ ಮುಗಿದ ಮೇಲೆ ಒಬ್ಬೊಬ್ಬರಾಗಿ ಹೋಗಿ ಅವಳ ಭುಜ ತಟ್ಟಿದರು. ಅವಳು ನಗುನಗುತ್ತ "ಥ್ಯಾಂಕ್ಸ್" ಎನ್ನುತ್ತಿದ್ದಳು. ಚೆನ್ನಾಗಿ ಆಡಿದ್ದಕ್ಕೆ ಹೊಗಳುತ್ತಿದ್ದಾರೆ ಎಂದು ಅವಳು ತಿಳಿದಿದ್ದಳೆಂದು ನಮಗೇನು ಗೊತ್ತು?

ಎರಡು ಗಂಟೆಗೆ ಫುಟ್‌ಬಾಲ್ ಹುಡುಗರು ಸಾಲಾಗಿ ನಿಂತರು. ಎಲ್ಲರ ತೋಳಿಗೂ ಕಪ್ಪು ಟೇಪು. ಟೆಗನ್ ನನ್ನ ಪಕ್ಕದಲ್ಲಿ ಮಾಂಸದ ಪೈ ತಿನ್ನುತ್ತ ನಿಂತಿದ್ದಳು. ಲೌಡ್‌ಸ್ಪೀಕರಿನಲ್ಲಿ ಕ್ಲಬ್ಬಿನ ಉಪಾಧ್ಯಕ್ಷರು ಹೇಳಿದರು: "ನಮ್ಮ ಹಿರಿಯ ಸದಸ್ಯರಾದ ಕ್ಲೆಮ್ ಟ್ರೆಲೋರ್ ಅವರ ನೆನಪಿಗಾಗಿ ಒಂದು ನಿಮಿಷ ಮೌನ."

ಟೆಗನ್‌ಳ ಕೈಯಿಂದ ಪೈ ನೆಲಕ್ಕೆ ಬಿತ್ತು.

"ನೋಲೀನ್ ಆಂಟಿ," ಪಿಸುಗುಟ್ಟಿದಳು. "ಯಾವ ಕ್ಲೆಮ್?"

ಇಡೀ ಮೈದಾನ ಮೌನವಾಗಿತ್ತು. ನಾನು ಬಾಯಿ ಬಿಡುವ ಹಾಗಿರಲಿಲ್ಲ. ಆ ಒಂದು ನಿಮಿಷದಷ್ಟು ಉದ್ದದ ನಿಮಿಷವನ್ನು ನಾನು ಕಂಡಿಲ್ಲ.

ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಬಂದರೆ ಜನೆಲ್ ಆಗ ತಾನೇ ಬಂದು, ಫೈಲು ಹಿಡಿದುಕೊಂಡು ಜಗಲಿಯ ಮೇಲೆ ನಿಂತಿದ್ದಳು. ಎದುರಿಗೆ ಸಾಲಾಗಿ ಐದು ಪಾತ್ರೆ. ನಮ್ಮೂರಿನಲ್ಲಿ ಹುಟ್ಟಿ ಬೆಳೆದವಳು, ಐದು ಪಾತ್ರೆ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಯಾರು ಸತ್ರು?" ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. "ನೋಲೀನ್, ರಾಸ್‌ಗೆ ಏನಾದ್ರೂ ಆಯ್ತಾ?"

"ಅಜ್ಜ," ಎಂದಳು ಟೆಗನ್. "ಅಮ್ಮ, ನಿಂಗೂ ಗೊತ್ತಿಲ್ವಾ?"

ಜನೆಲ್ ಹಿರಿಯರ ಮನೆಗೆ ಫೋನ್ ಹಚ್ಚಿದಳು. ಎಂಗೇಜು. ಮತ್ತೆ ಹಚ್ಚಿದಳು. ಎಂಗೇಜು. ಅಡುಗೆಮನೆಗೆ ಓಡಿ, ಹೊಲದ ಟ್ರ್ಯಾಕ್ಟರಿನ ಜೊತೆ ಮಾತಾಡುವ ರೇಡಿಯೊದಲ್ಲಿ ರಾಸ್‌ನನ್ನು ಕರೆದಳು. ಅವನು ಮೈಯೆಲ್ಲ ಧೂಳು ಮಾಡಿಕೊಂಡು ಬಂದ.

"ಯಾರು ಹೇಳಿದ್ದು?"

"ಊರೇ ಹೇಳ್ತಿದೆ."

"ನಮಗೆ ಹೇಳದೆ ಊರಿಗೆ ಹೆಂಗೆ ಹೇಳ್ತಾರೆ? ಸುಳ್ಳಿರಬೇಕು. ನೀನು ಮೊನ್ನೆ ಹೋದಾಗ ಚೆನ್ನಾಗೇ ಇದ್ರಲ್ಲ?"

"ನಾನು ಮೊನ್ನೆ ಎಲ್ಲಿ ಹೋದೆ? ನೀನು ಹೋಗಿರ್ಲಿಲ್ವಾ?"

"ಬಿತ್ತನೆ ಟೈಮಲ್ಲಿ ನಾನೆಲ್ಲಿ ಹೋಗ್ಲಿ ಜನೆಲ್! ಟೆಗನ್, ನೀನು?"

"ಈಸ್ಟರ್‌ಗೆ ಹೋಗಿದ್ದೆ. ನಾವೆಲ್ಲ ಹೋಗಿದ್ವಲ್ಲ."

ಈಸ್ಟರ್ ಆಗಿ ಐದು ವಾರವಾಗಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವಿನ ಸುದ್ದಿಗಿಂತ ದೊಡ್ಡ ಪೆಟ್ಟು ಅದೇ ಆಗಿತ್ತು. ಹಿರಿಯರ ಮನೆ ಅಲ್ಲಿಂದ ಕಾರಿನಲ್ಲಿ ನಾಲ್ಕು ನಿಮಿಷ. ಅವರು ಬದುಕಿದ್ದಾರೆ ಎಂದು ಅಡ್ಡ ನಿಂತು ಹೇಳಬಲ್ಲವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ನನ್ನ ಕಾರಿನಲ್ಲೇ ಹೊರಟೆವು. ಏಳನೇ ಕೋಣೆಯ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಒಳಗೆ ಹಾಸಿಗೆಯ ಹೊದಿಕೆ ತೆಗೆದಿದ್ದರು, ಗೋಡೆ ಬೋಳಾಗಿತ್ತು. ರಾಸ್ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಮೂವತ್ತು ವರ್ಷದ ಹಿಂದೆ ತಾಯಿ ತೀರಿಕೊಂಡಾಗಲೂ ಅಳದಿದ್ದ ಗಂಡಸು, "ಅಪ್ಪಾ" ಎಂದು ಗಟ್ಟಿಯಾಗಿ ಅತ್ತುಬಿಟ್ಟ.

"ಯಾರದು ಗಲಾಟೆ? ಆಟದ ಮೂರನೇ ಕ್ವಾರ್ಟರ್ ನಡೀತಿದೆ ಇಲ್ಲಿ!"

ಧ್ವನಿ ಹಜಾರದ ಕೊನೆಯಿಂದ ಬಂತು. ಟೆಗನ್ ಓಡಿದಳು. ಹನ್ನೆರಡನೇ ಕೋಣೆಯ ಕಿಟಕಿಯ ಪಕ್ಕ, ಮೊಣಕಾಲ ಮೇಲೆ ಕಂಬಳಿ ಹೊದ್ದು, ಕಣ್ಣಿಗೆ ದುರ್ಬೀನು ಹಿಡಿದು ಕ್ಲೆಮ್ ಕೂತಿದ್ದರು.

"ಓಹೋ, ಎಲ್ರೂ ಬಂದಿದೀರಿ. ಏನು ವಿಶೇಷ? ರೂಮು ಹೆಂಗಿದೆ? ಗುರುವಾರ ಬದಲಾಯಿಸ್ಕೊಂಡೆ. ಇಲ್ಲಿಂದ ಸ್ಕೋರ್ ಬೋರ್ಡ್ ಕಾಣುತ್ತೆ ನೋಡು. ಆಟಕ್ಕೆ ಮುಂಚೆ ಹುಡುಗ್ರು ಸಾಲಾಗಿ ನಿಂತಿದ್ರು, ತೋಳಿಗೆ ಕಪ್ಪು ಪಟ್ಟಿ. ಯಾರೋ ನಮ್ಮೋರೇ ಹೋಗಿರ್ಬೇಕು ಅಂತ ನಾನೂ ಟೋಪಿ ತೆಗೆದು ಕೂತೆ. ಯಾರು ಹೋದ್ರು?"



"ನೀನೇ, ಅಜ್ಜ," ಎಂದಳು ಟೆಗನ್.

ಕ್ಲೆಮ್ ಮೊದಲು ಬಿದ್ದೂ ಬಿದ್ದೂ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ರಾಸ್‌ನ ಕೆಂಪು ಕಣ್ಣು ನೋಡಿದರು, ಜನೆಲ್‌ಳ ಮುಖ ನೋಡಿದರು. ನಗು ನಿಂತಿತು.

"ನೀವೂ ನಂಬಿದ್ರಾ?"

ಆಗಲೇ ನರ್ಸ್ ಮಾರಿಸೆಲ್ ಓಡಿಬಂದಳು. ಫಿಲಿಪ್ಪೀನ್ಸಿನ ಹುಡುಗಿ, ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಏಳನೇ ಕೋಣೆಗೆ ಗುರುವಾರ ಸಂಜೆ ಪಕ್ಕದ ಊರು ಬುಲ್ಲಾರಾದಿಂದ ರೆಗ್ ಎಂಬ ಮುದುಕರು ಬಂದಿದ್ದರಂತೆ. ಹಿಂದೆ ಮುಂದೆ ಯಾರೂ ಇಲ್ಲ. ಶುಕ್ರವಾರ ರಾತ್ರಿ ಪ್ರಾಣ ಬಿಟ್ಟಿದ್ದರು. ಸತ್ತವರ ಹೆಸರು ಹೊರಗಿನವರಿಗೆ ಹೇಳುವ ಹಾಗಿಲ್ಲ ಎಂದು ಬೆಳಗ್ಗಿನಿಂದ ಊರವರ ಫೋನಿಗೆ ಉತ್ತರಿಸಿ ಉತ್ತರಿಸಿ ಅವಳಿಗೆ ಸಾಕಾಗಿತ್ತು.

"ನೀವು ನಂಗೊಂದು ಫೋನ್ ಮಾಡ್ಬಾರ್ದಿತ್ತಾ?" ರಾಸ್ ಅವಳ ಮೇಲೆ ಹರಿಹಾಯ್ದ. "ಮಗ ನಾನು! ಇಂಥದ್ದು ಏನಾದ್ರೂ ಆದ್ರೆ ಮೊದಲು ನಂಗೆ ಹೇಳ್ಬೇಕು ತಾನೆ?"

ಮಾರಿಸೆಲ್ ಕ್ಲೆಮ್ ಕಡೆ ನೋಡಿದಳು. ಅವರು ದುರ್ಬೀನನ್ನು ಕಣ್ಣಿಗೆ ಹಚ್ಚಿಕೊಂಡರು.

"ನಿಮಗಲ್ಲ, ಸರ್," ಎಂದಳು ಮೆಲ್ಲಗೆ. "ಮೊದಲು ಫೋನ್ ಮಾಡಬೇಕಾದವರು ಅಂತ ಒಂದು ಹಾಳೆ ಇರುತ್ತೆ. ಹೋದ ತಿಂಗಳು ಕ್ಲೆಮ್ ಅದನ್ನ ಬದಲಾಯಿಸಿದ್ರು. ಈಗ ಮೊದಲಲ್ಲಿ ಇರೋದು..." ನನ್ನತ್ತ ತಿರುಗಿದಳು. "ನೋಲೀನ್ ಪಾಸ್ಕೋ ಅಂದ್ರೆ ನೀವೇ ಅಲ್ವಾ?"

ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಅವರು ಸತ್ತರೆ ಮೊದಲ ಕರೆ ಬರಬೇಕಾದದ್ದು ನನಗೆ. ಆ ಕರೆ ಬಂದಿರಲಿಲ್ಲ, ನಾನು ಮಾತ್ರ ಮಾಂಸ ಬೇಯಿಸಿಕೊಂಡು ಹೋಗಿದ್ದೆ.

"ಅವಳು ಬುಧವಾರ ಬುಧವಾರ ಬರ್ತಾಳೆ," ಕ್ಲೆಮ್ ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ಫೋನ್ ಮಾಡಿದ್ರೆ ಎತ್ತುತಾಳೆ. ಇಷ್ಟೇ ವಿಷಯ. ಈಗ ಸುಮ್ನಿರಿ, ಆಟ ನೋಡ್ಬೇಕು."

ಆ ಸಂಜೆ ಟ್ರೆಲೋರ್ ಮನೆಯಲ್ಲಿ ಐದು ಪಾತ್ರೆಗಳ ಊಟ. ನಾನು ಜಾರಿಕೊಳ್ಳಲು ನೋಡಿದೆ, ಜನೆಲ್ ಬಿಡಲಿಲ್ಲ. ಕುರ್ಚಿ ಎಳೆದ ರೀತಿಯಲ್ಲೇ ಅದು ಉಪಚಾರವಲ್ಲ, ವಿಚಾರಣೆ ಎಂದು ಗೊತ್ತಾಯಿತು.

"ನಿಜ ಹೇಳು. ನೀನಾಗಿ ಕೇಳಿ ಹಾಕಿಸ್ಕೊಂಡ್ಯಾ?"

"ಜನೆಲ್, ನಂಗ್ಯಾಕಮ್ಮ ಅದು? ನಂಗೆ ಗೊತ್ತಿದ್ರೆ ಅಡುಗೆ ತರ್ತಿದ್ನಾ?"

"ಊರಿಗೆಲ್ಲ ಗೊತ್ತಾಗುತ್ತೆ ಈಗ. ಕ್ಲಬ್ಬು, ಶಾಲೆ ಸಮಿತಿ, ಅಗ್ನಿಶಾಮಕದವರ ಚಹಾ, ಎಲ್ಲ ನಾನೇ ನೋಡ್ಕೋತೀನಿ. ನನ್ನ ಮಾವನೇ ನನ್ನ ಹೆಸರು ಹೊಡೆದುಹಾಕಿದಾರೆ ಅಂದ್ರೆ ಜನ ಏನಂದಾರು?"

"ಅಮ್ಮ, ಜನದ್ದು ಬಿಡು!" ಟೆಗನ್ ಚಮಚ ಕುಕ್ಕಿದಳು. "ಅಜ್ಜ ಏನಂದ ಅನ್ನೋದು ನೋಡು."

"ನೀನು ಬಾಯಿ ಮುಚ್ಚು. ನೀನೂ ಐದು ವಾರ ಹೋಗಿಲ್ಲ."

"ಹೋಗಿಲ್ಲ. ಅದಕ್ಕೇ ಊಟ ಸೇರ್ತಿಲ್ಲ ನಂಗೆ."

ರಾಸ್ ಮಾತ್ರ ತಲೆ ಎತ್ತದೆ ತಿನ್ನುತ್ತಿದ್ದ. ತಂದೆಯ ಸಾವಿಗೆ ಬಂದ ಅಡುಗೆಯನ್ನು ಎರಡೆರಡು ಸಲ ಬಡಿಸಿಕೊಂಡ. ಕೊನೆಗೆ ತಟ್ಟೆ ದೂಡಿ, "ನಂದೂ ಹೊಡೆದುಹಾಕಿದಾರೆ," ಎಂದ. ಅಷ್ಟೇ.

ಮಾರನೆಯ ದಿನ ಜನೆಲ್ ಪಾತ್ರೆಗಳನ್ನು ತೊಳೆದು, ತಳದ ಹೆಸರು ನೋಡಿ ಮನೆಮನೆಗೆ ವಾಪಸು ಕೊಟ್ಟಳು. "ತಪ್ಪು ತಿಳುವಳಿಕೆ ಆಗಿತ್ತು, ಅಡುಗೆ ಚೆನ್ನಾಗಿತ್ತು" ಎಂದು ಐದು ಬಾಗಿಲಲ್ಲಿ ಹೇಳಿ ಬರುವುದು ಸಣ್ಣ ಮಾತಲ್ಲ. ಅವಳ ಧೈರ್ಯವನ್ನು ನಾನು ಒಪ್ಪುತ್ತೇನೆ.

ಸೋಮವಾರ ಅವರ ಫ್ರಿಜ್ಜಿನ ಬಾಗಿಲಿಗೆ ಹೊಸದೊಂದು ಪಾಳಿ ಪಟ್ಟಿ ಬಂತು. ಜನೆಲ್ ಕೈಯಲ್ಲಿ ಪಾಳಿ ಪಟ್ಟಿಯಿಲ್ಲದೆ ನಮ್ಮೂರಿನಲ್ಲಿ ಒಂದು ಪೈ ಕೂಡ ಬಿಸಿಯಾಗುವುದಿಲ್ಲ. ಕ್ಯಾಂಟೀನಿಗೊಂದು, ಗೇಟಿಗೊಂದು, ಅಂಪೈರುಗಳಿಗೊಂದು. ಇವೆಲ್ಲದರ ಕೆಳಗೆ ಈಗ 'ಕ್ಲೆಮ್: ಮಂಗಳವಾರ ಜನೆಲ್, ಗುರುವಾರ ಟೆಗನ್, ಭಾನುವಾರ ರಾಸ್'.

ಆ ಬುಧವಾರ ಮಕ್ಕಳನ್ನು ಕರೆದುಕೊಂಡು ಹೋದಾಗ ಕ್ಲೆಮ್ ನನ್ನನ್ನು ಹಿಡಿದುಕೊಂಡರು.

"ಸಿಟ್ಟಾ ನನ್ನ ಮೇಲೆ?"

"ಮತ್ತೆ? ಮನೆ ಮನೆ ಮಧ್ಯೆ ಬೆಂಕಿ ಹಚ್ಚಿಬಿಟ್ರಿ. ನಾಳೆನೇ ನನ್ನ ಹೆಸರು ತೆಗೆಸಿ."

"ತೆಗೆಸ್ತೀನಿ, ತೆಗೆಸ್ತೀನಿ. ನಿನ್ನ ಜಾಗಕ್ಕೆ ಒಬ್ಬರು ಸಿಗ್ಬೇಕಲ್ಲ." ಧ್ವನಿ ತಗ್ಗಿಸಿದರು. "ಆ ರೆಗ್ ಬಗ್ಗೆ ಯೋಚನೆ ನಂಗೆ. ಅರವತ್ತೆರಡನೇ ಇಸವೀಲೋ ಏನೋ ನನ್ನ ಮೂಗು ಮುರಿದ ಬುಲ್ಲಾರಾದವನು ಅವನೇ ಇರ್ಬೇಕು. ಅವನ ನಿಮಿಷ ನಂಗೆ ಕೊಟ್ಬಿಟ್ರಲ್ಲೇ. ಜನೆಲ್‌ಗೆ ಹೇಳು, ವಾಪಸು ಕೊಡ್ಲಿ."

ಜನೆಲ್ ಕೊಟ್ಟಳು. ಮುಂದಿನ ಶನಿವಾರ ಹುಡುಗರು ಮತ್ತೆ ಕಪ್ಪು ಟೇಪು ಕಟ್ಟಿ, ಯಾರೂ ಕಂಡರಿಯದ ಎದುರಾಳಿ ಊರಿನ ಆಟಗಾರನಿಗೆ ತಲೆಬಾಗಿ ನಿಂತರು. ಕ್ಲೆಮ್ ಗಾಲಿಕುರ್ಚಿಯಲ್ಲಿ ಬಂದಿದ್ದರು, ತೋಳಿಗೆ ಟೇಪು ಕಟ್ಟಿಸಿಕೊಂಡಿದ್ದರು. ನಿಮಿಷ ಮುಗಿದಾಗ ಗೇಟಿನ ಬಳಿಯಿಂದ ಯಾರೋ ಕೂಗಿದರು: "ಕ್ಲೆಮ್, ಸ್ವರ್ಗ ಹೆಂಗಿತ್ತು?"

"ಕ್ಯಾಂಟೀನ್ ಇರ್ಲಿಲ್ಲ, ವಾಪಸು ಬಂದೆ!"

ಎಲ್ಲರೂ ನಕ್ಕರು. ಜನೆಲ್ ಕೂಡ ನಕ್ಕಳು. ಅವತ್ತು ನನಗೆ ನಮ್ಮೂರಿನ ಮೇಲೆ ಬಹಳ ಪ್ರೀತಿ ಬಂತು, ಸುಳ್ಳೇಕೆ ಹೇಳಲಿ.

ಪಾಳಿ ಪಟ್ಟಿ ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಬಾಣದ ಗುರುತುಗಳು ಶುರುವಾದವು. ಮಂಗಳವಾರದ ಜನೆಲ್ ಶುಕ್ರವಾರಕ್ಕೆ, ಶುಕ್ರವಾರ ಮುಂದಿನ ಮಂಗಳವಾರಕ್ಕೆ. ಆ ವರ್ಷ ಜಿಲ್ಲೆಯ ಸಮುದಾಯ ನಾಯಕತ್ವದ ಪ್ರಶಸ್ತಿಗೆ ಅವಳ ಹೆಸರು ಆಯ್ಕೆಯಾಗಿತ್ತು, ಭಾಷಣ ಬರೆಯಬೇಕಿತ್ತು. ಅವಳಿಗೆ ಆ ಪ್ರಶಸ್ತಿ ಸಲ್ಲಬೇಕಾದದ್ದೇ, ಅವಳಿಲ್ಲದಿದ್ದರೆ ನಮ್ಮ ಕ್ಲಬ್ಬು ಎಂದೋ ಬೀಗ ಹಾಕಿಕೊಳ್ಳುತ್ತಿತ್ತು. ರಾಸ್ ಭಾನುವಾರ ಹೋಗುತ್ತಿದ್ದ, ತಂದೆಯ ಪಕ್ಕ ಕೂತು ಹವಾಮಾನದ ಬಗ್ಗೆ ಎರಡು ಮಾತಾಡಿ ಗಡಿಯಾರ ನೋಡುತ್ತಿದ್ದ. ಅವನ ಫೋನಂತೂ ಸದಾ ಪಿಕಪ್ ಗಾಡಿಯ ಸೀಟಿನ ಮೇಲೆ ಬಿದ್ದಿರುತ್ತಿತ್ತು.

"ಇವತ್ತು ಯಾರ ಪಾಳಿ?" ಕ್ಲೆಮ್ ನನ್ನನ್ನು ಕೇಳುತ್ತಿದ್ದರು. "ಬಿಸಿ ಪೈ ಮಾರೋಕೆ ಒಬ್ಬರು, ಗೇಟಿಗೆ ಒಬ್ಬರು, ನಂಗೊಬ್ಬರು. ಭೇಷ್!"

ಟೆಗನ್ ಮಾತ್ರ ಪಟ್ಟಿಯನ್ನು ಬಿಟ್ಟೇಬಿಟ್ಟಳು. ಗುರುವಾರ ಹೋಗುತ್ತಿರಲಿಲ್ಲ. ಸೋಮವಾರ ಹೋಗುತ್ತಿದ್ದಳು, ಶನಿವಾರ ಬೆಳಗ್ಗೆ ಪಂದ್ಯಕ್ಕೆ ಮುಂಚೆ ಹೋಗುತ್ತಿದ್ದಳು, ಕೆಲವು ಸಲ ಬಸ್ಸಿಳಿದು ನೇರ ಅಲ್ಲಿಗೇ. ಇದಕ್ಕೂ ಮನೆಯಲ್ಲಿ ಜಗಳ.

"ನಿನ್ನ ದಿನ ಗುರುವಾರ ಅಂತ ಬರೆದಿದೆ. ಗುರುವಾರ ಅವರು ಒಬ್ಬರೇ ಇದ್ರು!"

"ಗುರುವಾರ ಅಜ್ಜಂಗೆ ಕಾಲು ತಿಕ್ಕೋರು ಬರ್ತಾರೆ ಅಮ್ಮ. ಮಧ್ಯಾಹ್ನ ಪೂರ್ತಿ ನಿದ್ದೆ ಮಾಡ್ತಾನೆ. ನಿಂಗೆ ಗೊತ್ತಿಲ್ಲ."

"ಗೊತ್ತಿಲ್ಲ, ಗೊತ್ತಿಲ್ಲ! ನಂಗೇನೂ ಗೊತ್ತಿಲ್ಲ ಈ ಮನೇಲಿ!"

ಜೂನ್ ಕೊನೆಯಲ್ಲಿ ಟೆಗನ್‌ಗೆ ಹದಿನೆಂಟು ತುಂಬಿತು. ಕೇಕನ್ನು ಹನ್ನೆರಡನೇ ಕೋಣೆಗೇ ಒಯ್ದರು. ಕ್ಲೆಮ್ ಕೇಕಿಗಿಂತ ಹೆಚ್ಚಾಗಿ ಹುಡುಗಿಯನ್ನೇ ನೋಡುತ್ತ, "ಹದಿನೆಂಟು ಅಂದ್ರೆ ಸಹಿ ಹಾಕ್ಬಹುದು ಅಲ್ವಾ ಈಗ?" ಎಂದರು. ಓಟು ಹಾಕುವ ಮಾತಿರಬೇಕು ಎಂದುಕೊಂಡು ನಾನು ಇನ್ನೊಂದು ತುಂಡು ಕೇಕ್ ಬಡಿಸಿಕೊಂಡೆ.

ನನ್ನ ಹೆಸರು ತೆಗೆಸಿದರೇ ಎಂದು ಜನೆಲ್ ಕೇಳುವಾಗಲೆಲ್ಲ ನಾನು ಕ್ಲೆಮ್‌ರನ್ನು ಪೀಡಿಸುತ್ತಿದ್ದೆ. "ಆಯ್ತು, ಆಯ್ತು" ಎನ್ನುತ್ತಿದ್ದರು. ಜನೆಲ್ ಅದನ್ನು ತನಗೆ ತಕ್ಕಂತೆ ಅರ್ಥ ಮಾಡಿಕೊಂಡಳು. "ಮಗನ ಹೆಸರು ಮತ್ತೆ ಮೇಲೆ ಹಾಕಿದಾರೆ" ಎಂದು ಕ್ಯಾಂಟೀನಿನಲ್ಲಿ ನಾಲ್ಕು ಜನಕ್ಕೆ ಹೇಳಿದಳು. ರಾಸ್ ಅದನ್ನು ಕೇಳಿಸಿಕೊಂಡ. ಆ ವಾರದಿಂದ ಫೋನು ಅವನ ಅಂಗಿಯ ಜೇಬಿಗೆ ಬಂತು. ಬೇಲಿ ಕಟ್ಟುವಾಗಲೂ, ಕುರಿಗಳನ್ನು ಅಟ್ಟುವಾಗಲೂ ಆಗಾಗ ತೆಗೆದು ನೋಡಿಕೊಳ್ಳುತ್ತಿದ್ದ. ಅವನು ಕಾಯುತ್ತಿದ್ದ ಎಂದು ನನಗೆ ಈಗ ಅನಿಸುತ್ತದೆ.

ಆಗಸ್ಟಿನ, ಅಂದರೆ ನಮ್ಮ ಕಡೆಯ ಚಳಿಗಾಲದ, ಒಂದು ಮಂಗಳವಾರ. ಜನೆಲ್ ಹಿಂದಿನ ದಿನವೇ ಪ್ರಶಸ್ತಿ ತೆಗೆದುಕೊಳ್ಳಲು ಪಟ್ಟಣಕ್ಕೆ ಹೋಗಿದ್ದಳು. ಬೆಳಗ್ಗೆ ಹದಿನಾರು ಮಕ್ಕಳನ್ನು ತುಂಬಿಕೊಂಡು ನಾನು ಬಸ್ ಓಡಿಸುತ್ತಿದ್ದೆ. ಚಳಿಗೆ ಗಾಜೆಲ್ಲ ಮಬ್ಬಾಗಿತ್ತು. ಹಿಂದಿನ ಸೀಟಿನಲ್ಲಿ ಒಂದು ಫೋನ್ ಒಂದೇ ಸಲ ರಿಂಗಾಯಿತು, ಎತ್ತಿದರು. ಸ್ವಲ್ಪ ಹೊತ್ತಿಗೆ ಟೆಗನ್ ಸೀಟುಗಳನ್ನು ಹಿಡಿದುಕೊಂಡು ಮುಂದೆ ಬಂದು ನನ್ನ ಪಕ್ಕ ನಿಂತಳು.

"ಬಸ್ ಓಡುವಾಗ ಎದ್ದು ಬರ್ಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ?"

"ಆಂಟಿ, ನಮ್ಮ ಹೊಲದ ಹತ್ರ ನಿಲ್ಸಿ. ಅಪ್ಪ ಬೇಲಿ ಹತ್ರ ಇದಾನೆ."

ಅವಳ ಮುಖ ಕನ್ನಡಿಯಲ್ಲಿ ಕಂಡಿತು. ನನ್ನ ಫೋನು ಎದುರಿಗೇ ಇತ್ತು. ಅದು ಸದ್ದು ಮಾಡಿರಲಿಲ್ಲ.

ಬಸ್ ನಿಲ್ಲಿಸಿ ಬಾಗಿಲು ತೆರೆದೆ. ರಾಸ್ ತಂತಿ ಎಳೆಯುತ್ತಿದ್ದವನು ತಲೆಯೆತ್ತಿ ನಕ್ಕ.

"ಏನೇ, ಊಟದ ಡಬ್ಬಿ ಮರೆತ್ಯಾ?"

"ಅಪ್ಪ, ಅಜ್ಜ ಹೋಗ್ಬಿಟ್ಟ."

ಅವನ ನಗು ಹಾಗೇ ಇತ್ತು. "ಹೋಗೇ. ಮತ್ತೆ ಯಾರ ರೂಮಿನ ಮುಂದೆ ಮೇಣದಬತ್ತಿ ನೋಡಿದ್ಲಂತೆ ಆ ಡೆಬ್? ಮೊನ್ನೆ ಭಾನುವಾರ ಹೋಗಿದ್ದೆ ನಾನು. ನಂಗೆ ಬೈದು ಕಳ್ಸಿದ್ರು, ಗುಂಡುಕಲ್ಲಿನ ಹಂಗಿದ್ರು."

"ಡೆಬ್ ಅಲ್ಲಪ್ಪ. ಮಾರಿಸೆಲ್ ಫೋನ್ ಮಾಡಿದ್ಲು. ಬೆಳಗ್ಗೆ ಚಹಾ ಕುಡೀತಾ ಕುಡೀತಾ, ಕಿಟಕಿ ಹತ್ರ."

ರಾಸ್ ಕೈಯಲ್ಲಿದ್ದ ತಂತಿ ಬಿಟ್ಟ. ಅದು ಚಿಮ್ಮಿ ಕಂಬಕ್ಕೆ ಬಡಿಯಿತು. ಅವನು ಕೈಗವಸು ಕಿತ್ತೆಸೆದು ಜೇಬಿನಿಂದ ಫೋನ್ ತೆಗೆದು ನೋಡಿದ. ಒರೆಸಿ ಮತ್ತೆ ನೋಡಿದ.

"ಇದರಲ್ಲಿ ಏನೂ ಬಂದಿಲ್ವಲ್ಲ," ಎಂದ. "ಸಿಗ್ನಲ್ ಇದೆ. ನೋಡು, ಇದೆ. ಜೇಬಲ್ಲೇ ಇತ್ತು ಟೆಗನ್. ನಾನು ಎತ್ತುತ್ತಿದ್ದೆ."

"ಗೊತ್ತಪ್ಪ."

"ನಿಂಗ್ಯಾಕೆ ಮಾಡಿದ್ರು?"

ಹುಡುಗಿ ಬೇಲಿಯ ಕಂಬ ಹಿಡಿದುಕೊಂಡಳು. "ಹಾಳೇಲಿ ಮೊದಲು ನನ್ನ ಹೆಸರಿದೆ. ನನ್ನ ಹುಟ್ಟಿದ ದಿನ ಅಜ್ಜ ಸಹಿ ಹಾಕಿಸ್ದ. ನಿಮಗೆ ಹೇಳ್ಬೇಡ ಅಂದ, ಬೇಜಾರ್ ಮಾಡ್ಕೋತಾರೆ ಅಂದ."

ರಾಸ್ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಬಸ್ಸಿನ ಕಿಟಕಿಗಳಿಗೆ ಹದಿನೈದು ಮುಖಗಳು ಅಂಟಿಕೊಂಡಿದ್ದವು. ಮೊಲದ ಕಥೆ ಓದಿದ್ದ ಪುಟ್ಟಿ ತನ್ನ ಉಣ್ಣೆಯ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಾನು ಎಷ್ಟನೆಯವನು?" ಎಂದ ರಾಸ್.

ಟೆಗನ್ ನನ್ನ ಕಡೆ ನೋಡಿದಳು, ಆಮೇಲೆ ತಂದೆಯ ಕಡೆ.

"ಮೂರನೆಯವನು, ಅಪ್ಪ."